ಯುರೋಪಿನ ಮನೆಯೊಳಗಿನ ಲೆಕ್ಕ: ಚಳಿ, ಬಾಡಿಗೆ, ಸಂಬಳ ಮತ್ತು ಸರ್ಕಾರಿ ಅಂಕಿಅಂಶ

ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಟ್ಟುಕೊಳ್ಳಲು ಕೈಯಲ್ಲಿ ದುಡ್ಡಿಲ್ಲದವರು ಯುರೋಪಿನ ಯಾವ ದೇಶದಲ್ಲಿ ಹೆಚ್ಚು? ಫಿನ್‌ಲೆಂಡ್, ಸ್ವೀಡನ್ ಎಂದು ಹಿಮ ಬೀಳುವ ದೇಶಗಳ ಹೆಸರೇ ಮೊದಲು ಬಾಯಿಗೆ ಬರುತ್ತದೆ. 2023ರ ಅಧಿಕೃತ ಅಂಕಿಅಂಶ ತೆಗೆದು ನೋಡಿದರೆ ಯುರೋಪಿಯನ್ ಒಕ್ಕೂಟದ ಪಟ್ಟಿಯಲ್ಲಿ ಮೇಲೆ ನಿಂತಿರುವುದು ಬಿಸಿಲಿಗೆ ಹೆಸರಾದ ಸ್ಪೇನ್ ಮತ್ತು ಪೋರ್ಚುಗಲ್. ಎರಡೂ ಕಡೆ ಶೇ 20.8ರಷ್ಟು ಜನ ‘ನಮ್ಮ ಕೈಲಿ ಆಗದು’ ಎಂದಿದ್ದರು. ಬಲ್ಗೇರಿಯ ಅವುಗಳ ಬೆನ್ನಿಗೇ ಇತ್ತು. ಫಿನ್‌ಲೆಂಡಿನಲ್ಲಿ ಹಾಗೆ ಹೇಳಿದವರು ಶೇ 3ಕ್ಕಿಂತ ಕಡಿಮೆ.

ಕಾರಣ ಅರ್ಧ ಗೋಡೆಯಲ್ಲಿದೆ, ಅರ್ಧ ಜೇಬಿನಲ್ಲಿದೆ. ಉತ್ತರದ ದೇಶಗಳಲ್ಲಿ ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮನೆ ಕಟ್ಟುತ್ತಾರೆ. ಶಾಖ ಹೊರಗೆ ಹೋಗದ ದಪ್ಪ ಗೋಡೆ, ಎರಡು ಮೂರು ಪದರದ ಗಾಜಿನ ಕಿಟಕಿ, ಎಷ್ಟೋ ಊರುಗಳಲ್ಲಿ ಒಂದೇ ಸ್ಥಾವರದಿಂದ ಮನೆಮನೆಗೆ ಕೊಳವೆಯಲ್ಲಿ ಬರುವ ಬಿಸಿನೀರು. ದಕ್ಷಿಣದ ಹಳೆಯ ಮನೆಗಳು ಬೇಸಿಗೆಯ ಝಳ ತಪ್ಪಿಸಿಕೊಳ್ಳಲು ಕಟ್ಟಿದವು. ಅಲ್ಲಿ ನೆಲ ತಣ್ಣಗೆ, ಕಿಟಕಿಗೆ ಒಂದೇ ಗಾಜು. ಜನವರಿಯ ರಾತ್ರಿ ಮ್ಯಾಡ್ರಿಡ್‌ನ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಅಂಥ ಮನೆಯಲ್ಲಿ ಎಲೆಕ್ಟ್ರಿಕ್ ಹೀಟರೇ ಗತಿ. ಅದರ ಬಿಲ್ಲು ಕಟ್ಟಬೇಕಾದ ಸಂಬಳವೋ ಉತ್ತರದವರಿಗಿಂತ ಕಡಿಮೆ. ಹವಾಮಾನದ ನಕ್ಷೆಯನ್ನು ಎಷ್ಟು ನೋಡಿದರೂ ಈ ಸಂಗತಿ ಕಾಣುವುದಿಲ್ಲ. ಎಲ್ಲ ದೇಶಗಳ ಕುಟುಂಬಗಳಿಗೂ ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಿದ್ದರಿಂದಲೇ ಇದು ಗೊತ್ತಾಯಿತು.

ಆ ಪ್ರಶ್ನೆ ಬರುವುದು ಒಕ್ಕೂಟದಲ್ಲಿ ಪ್ರತಿವರ್ಷ ನಡೆಯುವ ಆದಾಯ ಮತ್ತು ಜೀವನಸ್ಥಿತಿ ಸಮೀಕ್ಷೆಯಲ್ಲಿ. ಅದರಲ್ಲಿ ಇಂಥ 13 ಪ್ರಶ್ನೆಗಳಿವೆ. ಏಳು ಇಡೀ ಕುಟುಂಬಕ್ಕೆ, ಆರು ಒಬ್ಬೊಬ್ಬ ವ್ಯಕ್ತಿಗೆ. ದಿಢೀರನೆ ಎದುರಾಗುವ ಖರ್ಚನ್ನು ತಡೆದುಕೊಳ್ಳಬಲ್ಲಿರಾ? ಬಾಡಿಗೆ, ಸಾಲದ ಕಂತು, ಬಿಲ್ಲು ಬಾಕಿ ಉಳಿದಿದೆಯೇ? ವರ್ಷಕ್ಕೊಂದು ವಾರ ಊರು ಬಿಟ್ಟು ರಜೆಗೆ ಹೋಗಲು ಆಗುತ್ತದೆಯೇ? ದಿನ ಬಿಟ್ಟು ದಿನವಾದರೂ ಮಾಂಸ, ಮೀನು ಅಥವಾ ಅದಕ್ಕೆ ಸಮನಾದ ಸಸ್ಯಾಹಾರದ ಊಟ ಸಿಗುತ್ತದೆಯೇ? ಸವೆದ ಬಟ್ಟೆಗೆ ಬದಲು ಹೊಸದು ಕೊಳ್ಳಬಲ್ಲಿರಾ? ಕಾಲಿಗೆ ಸರಿಹೊಂದುವ ಎರಡು ಜೊತೆ ಚಪ್ಪಲಿ, ಶೂ ಇವೆಯೇ? ತಿಂಗಳಿಗೊಮ್ಮೆ ಗೆಳೆಯರೊಡನೆಯೋ ನೆಂಟರೊಡನೆಯೋ ಕೂತು ಊಟ ಮಾಡುತ್ತೀರಾ? ವಾರಕ್ಕೆ ಒಂದಿಷ್ಟು ಪುಡಿಗಾಸನ್ನು ನಿಮಗಾಗಿಯೇ ಖರ್ಚು ಮಾಡಬಲ್ಲಿರಾ? ಈ 13ರಲ್ಲಿ ಏಳಾದರೂ ಇಲ್ಲವೆಂದಾದರೆ ಆ ವ್ಯಕ್ತಿಯನ್ನು ತೀವ್ರ ಅಭಾವದಲ್ಲಿರುವವರ ಲೆಕ್ಕಕ್ಕೆ ಸೇರಿಸುತ್ತಾರೆ. ಕಾರು ಬೇಡವೆಂದು ಸೈಕಲ್ ತುಳಿಯುವವರು ಕಾರಿಲ್ಲದವರ ಲೆಕ್ಕಕ್ಕೆ ಬರುವುದಿಲ್ಲ. ಬೇಕಿದ್ದೂ ದುಡ್ಡಿಲ್ಲದೆ ಬಿಟ್ಟವರು ಮಾತ್ರ ಬರುತ್ತಾರೆ.

ಯುರೋಪಿನ ಅಂಕಿಅಂಶ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಗೌರವವಿರುವುದು ಈ ಪಟ್ಟಿಯ ಬಗ್ಗೆ. ನೆಂಟರನ್ನು ಊಟಕ್ಕೆ ಕರೆಯಲಾಗದ ಸ್ಥಿತಿಯೂ ಬಡತನವೇ ಎಂದು ಸರ್ಕಾರಿ ಕಡತದಲ್ಲಿ ಬರೆದಿಡುವುದು ದೊಡ್ಡ ಮಾತು.

ಆದಾಯದ ಮೇಲೆ ಅಳೆಯುವ ಬಡತನದ ರೇಖೆ ಇದಕ್ಕಿಂತ ಬೇರೆ. ದೇಶದ ಜನರನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಆದಾಯವೇ ಮಧ್ಯಾಂಕ. ಅದರ ಶೇ 60ಕ್ಕಿಂತ ಕಡಿಮೆ ಇರುವವರನ್ನು ಬಡತನದ ಅಪಾಯದಲ್ಲಿರುವವರು ಎನ್ನುತ್ತಾರೆ. ಒಂದೇ ಸೂರಿನಡಿ ಇರುವವರ ಖರ್ಚು ಹಂಚಿಹೋಗುವುದರಿಂದ ತಲೆಗೆ ಇಷ್ಟು ಎಂದು ಸುಮ್ಮನೆ ಭಾಗಿಸುವುದಿಲ್ಲ. ಮೊದಲ ದೊಡ್ಡವರಿಗೆ 1, ಹದಿನಾಲ್ಕು ತುಂಬಿದ ಉಳಿದವರಿಗೆ ತಲಾ 0.5, ಅದಕ್ಕಿಂತ ಚಿಕ್ಕ ಮಕ್ಕಳಿಗೆ ತಲಾ 0.3. ಗಂಡ, ಹೆಂಡತಿ, ಇಬ್ಬರು ಪುಟ್ಟ ಮಕ್ಕಳಿರುವ ಮನೆಗೆ ತಿಂಗಳಿಗೆ 4,200 ಯೂರೋ ಬರುತ್ತಿದ್ದರೆ ಅದನ್ನು 2.1ರಿಂದ ಭಾಗಿಸಿ, ಆ ಮನೆಯ ಪ್ರತಿಯೊಬ್ಬರಿಗೂ 2,000 ಯೂರೋ ಎಂದು ಹಿಡಿಯುತ್ತಾರೆ. ರೇಖೆ ಒಂದೊಂದು ದೇಶಕ್ಕೆ ಒಂದೊಂದು. ಹಾಗಾಗಿ ಲಕ್ಸೆಂಬರ್ಗ್‌ನಲ್ಲಿ ಬಡವರ ಲೆಕ್ಕದಲ್ಲಿರುವವರ ಆದಾಯ ಬಲ್ಗೇರಿಯದಲ್ಲಾದರೆ ಅನುಕೂಲಸ್ಥರ ಆದಾಯ.

ಈ ವಿಧಾನಕ್ಕೆ ಒಂದು ಕೊರತೆಯಿದೆ. 2010ರ ನಂತರದ ಬಿಕ್ಕಟ್ಟಿನಲ್ಲಿ ಗ್ರೀಸ್‌ನ ಎಲ್ಲರ ಆದಾಯವೂ ಕುಸಿಯಿತು. ನಡುವಿನವರ ಆದಾಯ ಇಳಿದಂತೆ ರೇಖೆಯೂ ಕೆಳಗಿಳಿಯಿತು. ಜನರ ಬದುಕು ಹದಗೆಟ್ಟಷ್ಟು ಪ್ರಮಾಣದಲ್ಲಿ ಬಡವರ ಶೇಕಡಾವಾರು ಏರಲಿಲ್ಲ. ಅದಕ್ಕೇ ಆದಾಯ, ಅಭಾವ, ಮನೆಮಂದಿಗೆ ಎಷ್ಟು ಕೆಲಸ ಸಿಗುತ್ತಿದೆ ಎಂಬ ಮೂರನ್ನೂ ಸೇರಿಸಿ ನೋಡುತ್ತಾರೆ. ಮೂರರಲ್ಲಿ ಒಂದಾದರೂ ಅನ್ವಯಿಸುವವರು 2024ರಲ್ಲಿ ಒಕ್ಕೂಟದಲ್ಲಿ 9.33 ಕೋಟಿ, ಅಂದರೆ ಶೇ 21. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಪ್ರವಾಸದ ಫೋಟೊಗಳಲ್ಲಿ ಕಾಣುವ ಯುರೋಪಿನಲ್ಲಿ ಇವರಿಲ್ಲ.

ಇದನ್ನೆಲ್ಲ ಒಂದೆಡೆ ಸೇರಿಸುವ ಕಚೇರಿ ಯೂರೋಸ್ಟಾಟ್. ಲಕ್ಸೆಂಬರ್ಗ್‌ನಲ್ಲಿದೆ, 1953ರಲ್ಲಿ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯಕ್ಕಾಗಿ ಶುರುವಾದದ್ದು. ಇದರ ಸಿಬ್ಬಂದಿ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಆ ಕೆಲಸ ಜರ್ಮನಿಯ ಡೆಸ್ಟಾಟಿಸ್, ಫ್ರಾನ್ಸಿನ ಇನ್ಸೇ, ಇಟಲಿಯ ಇಸ್ಟಾಟ್ ಮುಂತಾದ ಆಯಾ ದೇಶದ ಸಂಸ್ಥೆಗಳದ್ದು. ಒಂದು ದೇಶದ ಲೆಕ್ಕವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದಾದಂತೆ ವ್ಯಾಖ್ಯೆಗಳನ್ನು ಒಂದೇ ಆಗಿ ಇಡುವುದು ಯೂರೋಸ್ಟಾಟ್‌ನ ಹೊಣೆ. ಕೇಳಲು ನೀರಸ, ಆದರೆ ವ್ಯಾಖ್ಯೆ ಸಡಿಲವಾದರೆ ಸಂಖ್ಯೆಗೆ ಬೆಲೆಯೇ ಇಲ್ಲ.

ಜನ ಅತಿ ಹೆಚ್ಚು ಜಗಳವಾಡುವ ಸಂಖ್ಯೆ ಹಣದುಬ್ಬರದ್ದು. ಯೂರೋ ವಲಯದ, ಅಂದರೆ ಯೂರೋ ಹಣ ಬಳಸುವ ದೇಶಗಳ ಒಟ್ಟು ಹಣದುಬ್ಬರದ ಮೊದಲ ಅಂದಾಜು ಹೆಚ್ಚುಕಡಿಮೆ ತಿಂಗಳ ಕೊನೆಯ ಹೊತ್ತಿಗೆ ಬೆಳಿಗ್ಗೆ 11 ಗಂಟೆಗೆ ಹೊರಬೀಳುತ್ತದೆ. ‘ಇಷ್ಟೇನಾ? ನಮ್ಮನೆ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು ಏರಿದೆಯಲ್ಲ’ ಎಂಬ ಮಾತು ಅದರ ಹಿಂದೆಯೇ ಕೇಳಿಬರುತ್ತದೆ. ಆ ಮಾತು ಸುಳ್ಳಲ್ಲ. ಲೆಕ್ಕವೂ ಸುಳ್ಳಲ್ಲ.

ಬೆಲೆ ಸೂಚ್ಯಂಕವೆಂದರೆ ಇಡೀ ದೇಶದ ಪರವಾಗಿ ಬರೆದ ತಿಂಗಳ ಸಾಮಾನಿನ ಚೀಟಿ. ಅದರಲ್ಲಿ ಬ್ರೆಡ್ಡು, ಹಾಲು, ಪೆಟ್ರೋಲು, ಕ್ಷೌರ, ಬಸ್ ಟಿಕೆಟ್, ಮೊಬೈಲ್ ಬಿಲ್ಲು, ಹೋಟೆಲ್ ಊಟ ಎಲ್ಲ ಇರುತ್ತವೆ. ಬೆಲೆ ಬರೆದುಕೊಳ್ಳುವವರು ಅಂಗಡಿಗಳಿಗೆ ಹೋಗುತ್ತಾರೆ. ಈಗೀಗ ಸೂಪರ್‌ಮಾರ್ಕೆಟ್‌ಗಳ ಬಿಲ್ಲಿಂಗ್ ಕೌಂಟರಿನ ದತ್ತಾಂಶವೇ ನೇರವಾಗಿ ಬರುತ್ತದೆ. ಜನ ಯಾವುದಕ್ಕೆ ಎಷ್ಟು ಪಾಲು ಖರ್ಚು ಮಾಡುತ್ತಾರೋ ಆ ಪದಾರ್ಥಕ್ಕೆ ಅಷ್ಟು ತೂಕ. ಈ ತೂಕವನ್ನು ವರ್ಷ ವರ್ಷ ಪರಿಷ್ಕರಿಸುತ್ತಾರೆ. 500 ಗ್ರಾಂ ಪೊಟ್ಟಣ ಅದೇ ಬೆಲೆಯಲ್ಲಿ ಸದ್ದಿಲ್ಲದೆ 450 ಗ್ರಾಂ ಆದರೆ ಬೆಲೆ ಬದಲಾಗಿಲ್ಲ ಎಂದು ಬರೆದುಕೊಳ್ಳುವುದಿಲ್ಲ. ಗ್ರಾಮಿನ ಲೆಕ್ಕ ಹಾಕಿ ಶೇ 11ರಷ್ಟು ಏರಿದೆ ಎಂದೇ ದಾಖಲಿಸುತ್ತಾರೆ. ಗಿರಾಕಿ ಗಮನಿಸದ ಮೋಸ ಇಲ್ಲಿ ಸಿಕ್ಕಿಬೀಳುತ್ತದೆ.

ಹಾಗಿದ್ದೂ ನಮ್ಮ ಮನೆಗೂ ಸೂಚ್ಯಂಕಕ್ಕೂ ತಾಳೆಯಾಗದಿರುವುದೇಕೆ? ಚೀಟಿ ಸರಾಸರಿಯದ್ದು. ಆದಾಯ ಕಡಿಮೆಯಿರುವವರ ಸಂಬಳದ ಹೆಚ್ಚಿನ ಪಾಲು ಊಟ, ಕರೆಂಟು, ಗ್ಯಾಸಿಗೆ ಹೋಗುತ್ತದೆ. ಅವುಗಳ ಬೆಲೆಯೇ ಏರಿದಾಗ ಅವರಿಗೆ ತಗಲುವ ಹಣದುಬ್ಬರ ಸರಾಸರಿಗಿಂತ ಹೆಚ್ಚು. ಬಾಡಿಗೆಯ ಕಥೆ ಇನ್ನೂ ಸ್ಪಷ್ಟ. ಸ್ವಂತ ಮನೆಯವರು, ಬಾಡಿಗೆಯವರು ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಯೂರೋ ವಲಯದ ಸೂಚ್ಯಂಕದಲ್ಲಿ ಬಾಡಿಗೆಯ ತೂಕ ಶೇ 10ಕ್ಕೂ ಕಡಿಮೆ. ಡಬ್ಲಿನ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಸಂಬಳದ ಮೂರನೇ ಒಂದು ಭಾಗ ಬಾಡಿಗೆಗೇ ಸುರಿಯುವ ಹೊಸ ದಂಪತಿಗೆ ಈ ಸೂಚ್ಯಂಕ ಪರಕೀಯ ಅನಿಸಿದರೆ ಆಶ್ಚರ್ಯವಿಲ್ಲ. ಸ್ವಂತ ಮನೆ ಕೊಳ್ಳುವವರ ಖರ್ಚಂತೂ ಇದರಲ್ಲಿ ಸೇರಿಯೇ ಇಲ್ಲ. ಸೇರಿಸಬೇಕೆಂದು ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ 2021ರಲ್ಲೇ ಶಿಫಾರಸು ಮಾಡಿತು. ನನ್ನ ಮಟ್ಟಿಗೆ ಇದು ಈ ಸೂಚ್ಯಂಕದ ಅತಿ ದೊಡ್ಡ ಕೊರತೆ.

2022ರ ಅಕ್ಟೋಬರ್‌ನಲ್ಲಿ ಯೂರೋ ವಲಯದ ಹಣದುಬ್ಬರ ಶೇ 10.6ಕ್ಕೆ ಮುಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಎಸ್ಟೋನಿಯದಲ್ಲಿ ಅದು ಶೇ 25 ದಾಟಿತ್ತು. ಫ್ರಾನ್ಸ್‌ನಲ್ಲಿ ಮಾತ್ರ ಶೇ 7ರ ಆಸುಪಾಸಿನಲ್ಲೇ ನಿಂತಿತು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ಇಂಧನ ಎಲ್ಲೆಡೆ ತುಟ್ಟಿಯಾಯಿತು. ಫ್ರಾನ್ಸ್ ಸರ್ಕಾರ ಮನೆಗಳ ವಿದ್ಯುತ್ ಮತ್ತು ಗ್ಯಾಸ್ ದರಕ್ಕೆ ಮಿತಿ ಹಾಕಿತು. ಎಸ್ಟೋನಿಯದಲ್ಲಿ ಮಾರುಕಟ್ಟೆಯ ದರ ಬಹುಬೇಗ ಜನರ ಬಿಲ್ಲಿಗೇ ಬಂದು ಬಿತ್ತು. ಹಣ ಒಂದೇ, ಸೆಂಟ್ರಲ್ ಬ್ಯಾಂಕೂ ಒಂದೇ, ಅಡುಗೆಮನೆಯ ಪಾಡು ಮಾತ್ರ ಬೇರೆ ಬೇರೆ. ಹಣದುಬ್ಬರ ಶೇ 2ರಲ್ಲಿರಬೇಕೆಂಬ ಗುರಿ ಇಟ್ಟುಕೊಂಡಿರುವ ಸೆಂಟ್ರಲ್ ಬ್ಯಾಂಕ್, ಬೇರೆ ಬ್ಯಾಂಕುಗಳು ತನ್ನಲ್ಲಿಡುವ ಹಣಕ್ಕೆ ಕೊಡುವ ಬಡ್ಡಿಯನ್ನು, ಅಂದರೆ ಠೇವಣಿ ದರವನ್ನು, 2022ರ ಜುಲೈನಲ್ಲಿದ್ದ ಸೊನ್ನೆಗಿಂತ ಕೆಳಗಿನ ಮಟ್ಟದಿಂದ 2023ರ ಸೆಪ್ಟೆಂಬರ್ ವೇಳೆಗೆ ಶೇ 4ಕ್ಕೆ ಏರಿಸಿತು. ಬದಲಾಗುವ ಬಡ್ಡಿಯ ಗೃಹಸಾಲ ಪಡೆದ ಕುಟುಂಬಗಳ ಕಂತು ಅದರ ಬೆನ್ನಲ್ಲೇ ಏರಿತು. ಮುಂದೆ ಹಣದುಬ್ಬರ ಇಳಿಯಿತು ಎಂಬ ಸುದ್ದಿ ಬಂದಾಗಲೂ ಅಂಗಡಿಯ ಬೆಲೆ ಇಳಿಯಲಿಲ್ಲ. ಏರುವ ವೇಗ ಇಳಿಯಿತು, ಅಷ್ಟೇ.

ನಮ್ಮ ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವೇ ಆಧಾರ ಎಂಬುದು ಕನ್ನಡಿಗರಿಗೆ ಗೊತ್ತಿರುವ ವಿಷಯ. ಬೆಲ್ಜಿಯಂನಲ್ಲಿ ಈ ಏರ್ಪಾಡು ಖಾಸಗಿ ಕಂಪನಿಗಳವರಿಗೂ ಇದೆ. ಸೂಚ್ಯಂಕ ಏರಿದರೆ ಸಂಬಳ ತಾನಾಗಿಯೇ ಏರಬೇಕು. 2023ರ ಜನವರಿಯಲ್ಲಿ ಅಲ್ಲಿನ ಖಾಸಗಿ ಕಚೇರಿ ನೌಕರರ ಅತಿ ದೊಡ್ಡ ವರ್ಗಕ್ಕೆ ಒಂದೇ ಏಟಿಗೆ ಶೇ 11.08 ಸಂಬಳ ಏರಿತು. ಮಾಲೀಕರು ಗೊಣಗಿದರು, ಆದರೆ ಕೊಟ್ಟರು. ಇದಕ್ಕೆ ಬಳಸುವ ಸೂಚ್ಯಂಕದಿಂದ ತಂಬಾಕು, ಮದ್ಯ, ಪೆಟ್ರೋಲ್, ಡೀಸೆಲ್‌ಗಳನ್ನು 1994ರಿಂದ ಹೊರಗಿಟ್ಟಿದ್ದಾರೆ. ಚೀಟಿಯಲ್ಲಿ ಏನಿರಬೇಕು, ಏನಿರಬಾರದು ಎಂಬ ತೀರ್ಮಾನವೇ ಲಕ್ಷಾಂತರ ಜನರ ಸಂಬಳದ ತೀರ್ಮಾನವಾಗುವುದು ಹೀಗೆ. ಲಕ್ಸೆಂಬರ್ಗ್‌ನಲ್ಲೂ ಬೆಲೆ ಶೇ 2.5 ಏರಿದಾಗಲೆಲ್ಲ ಸಂಬಳ ಅಷ್ಟೇ ಏರುವ ಕಾನೂನಿದೆ.

ಜರ್ಮನಿಯಲ್ಲಿ ಬಾಡಿಗೆಗೇ ಸೂಚ್ಯಂಕವನ್ನು ಗಂಟು ಹಾಕುವ ಕರಾರುಗಳಿವೆ. ಮ್ಯೂನಿಕ್‌ಗೋ ಬರ್ಲಿನ್‌ಗೋ ಕೆಲಸಕ್ಕೆ ಹೋಗುವ ಬೆಂಗಳೂರಿನ ಎಂಜಿನಿಯರುಗಳು ಸಹಿ ಹಾಕುವ ಮುನ್ನ ಇದನ್ನು ಓದಿ ನೋಡುವುದು ಒಳ್ಳೆಯದು. ಡೆಸ್ಟಾಟಿಸ್ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕ ಶೇ 5 ಏರಿದ್ದರೆ 1,200 ಯೂರೋ ಬಾಡಿಗೆಯನ್ನು 1,260 ಮಾಡುವಂತೆ ಮಾಲೀಕರು ಪತ್ರ ಬರೆಯಬಹುದು. ಎರಡು ಏರಿಕೆಗಳ ನಡುವೆ ಕನಿಷ್ಠ ಒಂದು ವರ್ಷ ಬಾಡಿಗೆ ಹಾಗೆಯೇ ಇರಬೇಕು ಎಂಬುದು ಕಾನೂನು. ಹಾಗೆ ಹೋಗುವವರಲ್ಲಿ ಅನೇಕರು ಪಡೆಯುವ ಬ್ಲೂ ಕಾರ್ಡ್‌ನ, ಅಂದರೆ ಉನ್ನತ ಕೌಶಲದ ವಿದೇಶಿ ಉದ್ಯೋಗಿಗಳಿಗೆ ಒಕ್ಕೂಟದ ದೇಶಗಳು ಕೊಡುವ ಪರವಾನಗಿಯ, ಹಿಂದೆಯೂ ಇದೇ ಬಗೆಯ ಲೆಕ್ಕವಿದೆ. ಕನಿಷ್ಠ ಸಂಬಳದ ಮಿತಿಯನ್ನು ಆ ದೇಶದ ಸರಾಸರಿ ವಾರ್ಷಿಕ ಸಂಬಳದ 1ರಿಂದ 1.6 ಪಟ್ಟಿನೊಳಗೆ ಗೊತ್ತುಪಡಿಸಬೇಕು ಎಂದು ಒಕ್ಕೂಟದ 2021ರ ನಿರ್ದೇಶನ ಹೇಳುತ್ತದೆ. 2023ರಲ್ಲಿ ಕೊಟ್ಟ ಸುಮಾರು 89,000 ಬ್ಲೂ ಕಾರ್ಡ್‌ಗಳಲ್ಲಿ 21,000ದಷ್ಟು ಭಾರತೀಯರ ಪಾಲಾದವು. ಬೇರಾವ ದೇಶದವರಿಗೂ ಅಷ್ಟು ಸಿಗಲಿಲ್ಲ.

ನಿರುದ್ಯೋಗದ ಸಂಖ್ಯೆಯಷ್ಟು ತಪ್ಪಾಗಿ ಓದಿಸಿಕೊಂಡ ಸಂಖ್ಯೆ ಬಹುಶಃ ಇನ್ನೊಂದಿಲ್ಲ. ಕೆಲಸವಿಲ್ಲದಿರಬೇಕು, ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿರಬೇಕು, ಸಿಕ್ಕರೆ ಎರಡು ವಾರದೊಳಗೆ ಸೇರಲು ತಯಾರಿರಬೇಕು. ಈ ಮೂರೂ ಇದ್ದರೆ ಮಾತ್ರ ನಿರುದ್ಯೋಗಿ. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆ ಸಂಬಳಕ್ಕೆ ದುಡಿದಿದ್ದರೂ ಉದ್ಯೋಗಸ್ಥ. ಹುಡುಕಿ ಹುಡುಕಿ ಬೇಸತ್ತು ಕೈಬಿಟ್ಟವರು ಎರಡರಲ್ಲೂ ಇಲ್ಲ. 2013ರಲ್ಲಿ ಸ್ಪೇನಿನ ಯುವಜನರ ನಿರುದ್ಯೋಗ ಶೇ 55ನ್ನು ದಾಟಿದಾಗ ‘ಅರ್ಧಕ್ಕಿಂತ ಹೆಚ್ಚು ಯುವಕರಿಗೆ ಕೆಲಸವಿಲ್ಲ’ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಆ ಶೇಕಡಾವಾರಿನ ಛೇದದಲ್ಲಿ ಓದುತ್ತಿರುವ, ಕೆಲಸ ಹುಡುಕದ ವಿದ್ಯಾರ್ಥಿಗಳಿರಲಿಲ್ಲ. 15ರಿಂದ 24 ವಯಸ್ಸಿನ ಎಲ್ಲರನ್ನೂ ಸೇರಿಸಿದರೆ ಕೆಲಸ ಹುಡುಕಿಯೂ ಸಿಗದವರು ಐವರಲ್ಲಿ ಒಬ್ಬರಷ್ಟು. ಅದೂ ಭೀಕರವೇ. ಆದರೆ ಬೇರೆ ಸಂಗತಿ.

ಅಪ್ಪ ಅಮ್ಮನ ಮನೆ ಬಿಡುವ ಸರಾಸರಿ ವಯಸ್ಸು 2023ರಲ್ಲಿ ಫಿನ್‌ಲೆಂಡಿನಲ್ಲಿ 21.4, ಕ್ರೊಯೇಷಿಯದಲ್ಲಿ 31.8, ಸ್ಪೇನಿನಲ್ಲಿ 30 ದಾಟಿತ್ತು. ಕುಟುಂಬದ ಬಾಂಧವ್ಯವೇ ಇದಕ್ಕೆ ಕಾರಣವೆಂದು ಭಾರತೀಯರಾದ ನಮಗೆ ಅನಿಸುವುದು ಸಹಜ. ಅದೂ ಸ್ವಲ್ಪ ಇರಬಹುದು. ಆದರೆ ಫಿನ್‌ಲೆಂಡಿನಲ್ಲಿ ವಿದ್ಯಾರ್ಥಿಗಳಿಗೆ ಸರ್ಕಾರದ ನೆರವು, ಕಡಿಮೆ ಬಾಡಿಗೆಯ ವಸತಿ ಇವೆ. ದಕ್ಷಿಣದಲ್ಲಿ ಕೆಲಸ ತಾತ್ಕಾಲಿಕ, ಬಾಡಿಗೆ ದುಬಾರಿ.

ಜಿಡಿಪಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2015ರಲ್ಲಿ ಐರ್ಲೆಂಡಿನ ಜಿಡಿಪಿ ಶೇ 26 ಬೆಳೆಯಿತೆಂದು ಮೊದಲಿಗೆ ಪ್ರಕಟವಾಯಿತು. ಜನ ಅಷ್ಟು ಶ್ರೀಮಂತರೇನೂ ಆಗಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಗಳನ್ನು ಐರ್ಲೆಂಡಿನ ಪುಸ್ತಕಕ್ಕೆ ವರ್ಗಾಯಿಸಿದ್ದವು. ಅಲ್ಲಿನ ಅಂಕಿಅಂಶ ಕಚೇರಿ ಮುಚ್ಚಿಡಲು ಹೋಗಲಿಲ್ಲ. ಇಂಥದ್ದನ್ನು ತೆಗೆದುಹಾಕಿ ದೇಶದೊಳಗಿನ ನಿಜವಾದ ಆದಾಯ ತೋರಿಸುವ ಇನ್ನೊಂದು ಅಳತೆಯನ್ನೇ ರೂಪಿಸಿತು.

ಪ್ರಾಮಾಣಿಕತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗ್ರೀಸ್ ಇದೆ. 2009ರ ಏಪ್ರಿಲ್‌ನಲ್ಲಿ ಆ ವರ್ಷದ ಸರ್ಕಾರಿ ಕೊರತೆ, ಅಂದರೆ ವರಮಾನ ಮೀರಿದ ಸರ್ಕಾರದ ಖರ್ಚು, ಜಿಡಿಪಿಯ ಶೇ 3.7 ಇರಬಹುದೆಂದು ಗ್ರೀಸ್ ತಿಳಿಸಿತ್ತು. ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ ಬಂದು ಶೇ 12.5 ಎಂದಿತು. ಎಲ್ಲ ಬಾಕಿ ಲೆಕ್ಕ ಸೇರಿಸಿದ ಮೇಲೆ 2010ರ ನವೆಂಬರ್‌ನಲ್ಲಿ ಅದು ಶೇ 15.4 ಆಯಿತು. ಸಾಲ ಕೊಡುವವರು ಕೈ ಎತ್ತಿದರು. ಮುಂದಿನ ವರ್ಷಗಳಲ್ಲಿ ಪಿಂಚಣಿ ಕಡಿತವಾಯಿತು, ಸಂಬಳ ಕಡಿತವಾಯಿತು. ವಿಪರ್ಯಾಸವೆಂದರೆ ಕೋರ್ಟಿಗೆ ಅಲೆದದ್ದು ಲೆಕ್ಕ ಸರಿಮಾಡಿದ ವ್ಯಕ್ತಿ. 2010ರಲ್ಲಿ ಅಂಕಿಅಂಶ ಸಂಸ್ಥೆಯ ಹೊಣೆ ಹೊತ್ತ ಆಂದ್ರಿಯಾಸ್ ಜಾರ್ಜಿಯು ಅವರ ಮೇಲೆ ಕೊರತೆಯನ್ನು ಉಬ್ಬಿಸಿದ ಆರೋಪ ಹೊರಿಸಿದರು. ಅವರು ಕಳಿಸಿದ ಲೆಕ್ಕವನ್ನು ಯೂರೋಸ್ಟಾಟ್ ಒಪ್ಪಿಕೊಂಡಿತ್ತು. ಆದರೂ ಸಂಸ್ಥೆಯ ಮಂಡಳಿಯಲ್ಲಿ ಮತಕ್ಕೆ ಹಾಕದೆ ಅಂಕಿ ಕಳಿಸಿದರೆಂಬ ಕಾರಣಕ್ಕೆ 2017ರಲ್ಲಿ ಅವರಿಗೆ ಅಮಾನತಿನಲ್ಲಿಟ್ಟ ಎರಡು ವರ್ಷದ ಶಿಕ್ಷೆಯಾಯಿತು. ಆ ಪ್ರಕರಣದಲ್ಲಿ ಅವರ ನ್ಯಾಯಯುತ ವಿಚಾರಣೆಯ ಹಕ್ಕಿಗೆ ಧಕ್ಕೆಯಾಗಿದೆ ಎಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2023ರಲ್ಲಿ ಹೇಳಿತು. ಒಂದು ದೇಶದ ಕೊರತೆಯನ್ನು ಮತ ಹಾಕಿ ತೀರ್ಮಾನಿಸಲು ಬರುತ್ತದೆಯೇ? ಈ ಪ್ರಕರಣ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸರ್ಕಾರ ನೆಟ್ಟಗಿದ್ದರೂ ಜನ ಉತ್ತರ ಕೊಡದಿದ್ದರೆ ಲೆಕ್ಕ ನಿಲ್ಲುತ್ತದೆ. ಈಗ ಒಕ್ಕೂಟದಲ್ಲಿಲ್ಲದ ಬ್ರಿಟನ್‌ನಲ್ಲಿ ಇದು ಆಗಿಯೇಹೋಯಿತು. ಉದ್ಯೋಗ ಸಮೀಕ್ಷೆಗೆ ಉತ್ತರಿಸುವವರ ಪ್ರಮಾಣ ಶೇ 20ಕ್ಕಿಂತ ಕೆಳಗಿಳಿದು 2023ರ ಅಕ್ಟೋಬರ್‌ನಲ್ಲಿ ಅದರ ಅಂಕಿಗಳ ಪ್ರಕಟಣೆಯನ್ನೇ ತಡೆಹಿಡಿಯಬೇಕಾಯಿತು. ದೇಶದಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬುದು ಸ್ಪಷ್ಟವಿಲ್ಲದೆಯೇ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಬಡ್ಡಿದರ ತೀರ್ಮಾನಿಸಬೇಕಾಯಿತು.

ಜರ್ಮನಿಯಲ್ಲಿರುವ ಕನ್ನಡಿಗರ ಮನೆಗೂ ಒಂದು ದಿನ ಅಂಕಿಅಂಶ ಕಚೇರಿಯ ಪತ್ರ ಬರಬಹುದು. ಅದು ಮೈಕ್ರೋಸೆನ್ಸಸ್. 1957ರಿಂದ ನಡೆಯುತ್ತಿದೆ. ಪ್ರತಿವರ್ಷ ಜನಸಂಖ್ಯೆಯ ಶೇ 1ರಷ್ಟು ಜನರನ್ನು ವಿಳಾಸದ ಮೇಲೆ ಆರಿಸುತ್ತಾರೆ, ಪೌರತ್ವ ನೋಡುವುದಿಲ್ಲ. ಒಕ್ಕೂಟದ ಉದ್ಯೋಗ ಸಮೀಕ್ಷೆ ಬಹಳ ಹಿಂದಿನಿಂದಲೂ ಇದರಲ್ಲೇ ಸೇರಿದೆ, ಆದಾಯ ಸಮೀಕ್ಷೆ 2020ರಿಂದ ಸೇರಿದೆ. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರಿಸುವುದು ಕಡ್ಡಾಯ. ಒಂದೇ ಮನೆಯನ್ನು ನಾಲ್ಕು ಬಾರಿಯವರೆಗೂ ಕೇಳಬಹುದು. ಸಂಬಳ, ಬಾಡಿಗೆ, ಕೆಲಸದ ಗಂಟೆ ಎಲ್ಲ ಕೇಳುತ್ತಾರಲ್ಲ, ಇದು ತೆರಿಗೆ ಕಚೇರಿಗೋ ವೀಸಾ ಕಚೇರಿಗೋ ಹೋಗುತ್ತದೆಯೇ ಎಂಬ ಅಳುಕು ಹೊಸಬರಿಗೆ ಇರುತ್ತದೆ. ಅದೇ ಅಳುಕಿನಿಂದ ಜರ್ಮನರು 1983ರ ಜನಗಣತಿಯ ವಿರುದ್ಧ ತಿರುಗಿಬಿದ್ದರು. ಸಂವಿಧಾನ ನ್ಯಾಯಾಲಯ ಗಣತಿಯನ್ನು ತಡೆಯಿತು. ತನ್ನ ಮಾಹಿತಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಆ ವರ್ಷದ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು. ನಿಯಮಗಳನ್ನು ತಿದ್ದಿ ಗಣತಿ ನಡೆಸಿದ್ದು 1987ರಲ್ಲಿ. ಅಂಕಿಅಂಶಕ್ಕೆಂದು ಹೆಸರು ಹಿಡಿದು ಕೊಟ್ಟ ಉತ್ತರವನ್ನು ತೆರಿಗೆಯವರಿಗಾಗಲಿ, ಪೊಲೀಸರಿಗಾಗಲಿ, ವಿದೇಶಿಯರ ಕಚೇರಿಗಾಗಲಿ ದಾಟಿಸುವಂತಿಲ್ಲ.